ಸಿಹಿಯಿದ್ದ ಕಿಟಕಿ

ಆರೋಗ್ಯ ಕೇಂದ್ರದ ಕಿಟಕಿಗೆ ಬಣ್ಣ ಬಳಿದ ಪುಣ್ಯಾತ್ಮ ಯಾರೋ ಏನೋ, ಹಳೆಯ ಪದರವನ್ನು ಉಜ್ಜದೆ ಅದರ ಮೇಲೆಯೇ ಎಳೆದು ಹೋಗಿದ್ದ. ಬೆಂಚಿನ ತುದಿಯಲ್ಲಿ ಕೂತ ಬಣ್ಣದ ಮೇಸ್ತ್ರಿಗೆ ಬೇರೇನೂ ಕಾಣಲಿಲ್ಲ. ಮಗಳ ತೊಡೆಯ ಮೇಲೆ ಕೂಸು ಕುಣಿಯುತ್ತಿತ್ತು, ಒಳಗಿನ ಕೋಣೆಯಲ್ಲಿ ಇನ್ಯಾರದೋ ಮಗು ಸೂಜಿ ಕಂಡು ಕಿರುಚುತ್ತಿತ್ತು. ಮೇಸ್ತ್ರಿಯ ಕಣ್ಣು ಮಾತ್ರ ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ, ಬಣ್ಣ ಬಿರಿದು ಹಾವಿನ ಪೊರೆಯಂತೆ ಎದ್ದು ನಿಂತ ಜಾಗದಲ್ಲಿ ನೆಟ್ಟಿತ್ತು. ಕೈ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಕಣ್ಣು ಬಿಟ್ಟಿರಲಿಲ್ಲ. ಉಜ್ಜದೆ ಬಳಿದ ಬಣ್ಣ, ಮನಸ್ಸಿಲ್ಲದೆ ಮಾಡಿದ ಪ್ರಾರ್ಥನೆ, ಎರಡೂ ನಿಲ್ಲುವುದಿಲ್ಲ ಎಂದು ಅವನು ಕೈಕೆಳಗಿನ ಕೆಲಸಗಾರರಿಗೆ ಹೇಳುತ್ತಿದ್ದ. ಇವತ್ತು ಬೆಳಿಗ್ಗೆ ಅವನ ಪ್ರಾರ್ಥನೆಯೇ ಅರ್ಧಕ್ಕೆ ನಿಂತಿತ್ತು. ದೀಪ ಹಚ್ಚಿ ಕೈಮುಗಿದಿದ್ದಾಗಲೇ ನೀರಿನಂಗಡಿಯವನು ಬಾಗಿಲಿಗೆ ಬಂದಿದ್ದ.

"ನೋಡಿ ಮೇಸ್ತ್ರಿ, ನಿಮ್ಮ ಮುಖ ನೋಡಿ ಇಟ್ಕೊಂಡಿದೀನಿ ನಿಮ್ಮ ಮಗನ್ನ. ಮೂರನೇ ಮಹಡಿಗೆ ಹಾಕೋ ಕ್ಯಾನನ್ನ ಪಕ್ಕದ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಇಟ್ಟು ಬರ್ತಾನೆ. ಹೇಳಿದ್ದಕ್ಕೆಲ್ಲ ಹ್ಞೂಂ ಅಂತಾನೆ. ಬಾವಿಗೆ ಹೇಳಿದ್ರೂ ತಿರುಗಿ ಒಂದು ಸಲ ಹೇಳುತ್ತೆ, ಇವನ ತಲೇಲಿ ಅದೂ ಇಲ್ಲ."

ಪಕ್ಕದ ಮನೆಯ ಹೆಂಗಸು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅವಳು ಕೇಳುತ್ತಿದ್ದಳೆಂದೇ ಮೇಸ್ತ್ರಿಯ ದನಿ ಏರಿತು. "ಸೋಮಾರಿ! ಮೈಗಳ್ಳ! ತಲೆ ನರೆತರೂ ಬುದ್ಧಿ ಬರಲಿಲ್ಲವಲ್ಲೋ ನಿನಗೆ! ನಾನು ಸತ್ತ ಮೇಲೆ ಯಾರ ಮನೆ ಬಾಗಿಲು ಕಾಯ್ತೀಯ?" ಮಗ ಟೀ ಲೋಟ ಹಿಡಿದು ನಿಂತಿದ್ದ. ನಲವತ್ತರ ಹತ್ತಿರದ ಗಂಡಸು, ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡವನು. ಲೋಟವನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟು ಬರಿಗಾಲಲ್ಲೇ ಹೊರಟುಹೋದ. ನೀರಿನಂಗಡಿಯವನಿಗೇ ಪಾಪವೆನಿಸಿರಬೇಕು. "ಹೋಗ್ಲಿ ಬಿಡಿ ಮೇಸ್ತ್ರಿ, ನಮ್ಮ ಪುಟ್ಟಜ್ಜ ತಾನೆ, ಕೆಟ್ಟೋನಲ್ಲ" ಎಂದು ಅವನ ಹಿಂದೆಯೇ ನಡೆದ. ಮೇಸ್ತ್ರಿ ಮತ್ತೆ ದೀಪದ ಮುಂದೆ ನಿಂತು, ದಿನವೂ ಕೊನೆಯಲ್ಲಿ ಹೇಳುವ ಮಾತನ್ನು ಇವತ್ತೂ ಹೇಳಿದ್ದ: ದೇವರೇ, ನನ್ನ ಮಗನಿಗೆ ಬುದ್ಧಿ ಕೊಡು.

ಪುಟ್ಟಜ್ಜ. ಊರೆಲ್ಲ ಕರೆಯುವ ಆ ಹೆಸರನ್ನು ಇಟ್ಟವಳು ಅವನ ತಾಯಿ, ಅವನಿನ್ನೂ ಅಂಬೆಗಾಲಿಡುವಾಗ. ಅದು ನೆನಪಾಗುವಷ್ಟರಲ್ಲಿ ಒಳಗಿನಿಂದ ಮಗಳ ಹೆಸರು ಕೂಗಿದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೂಸಿನ ಗಲ್ಲ ಮುಟ್ಟಿ, ಅದು ನಕ್ಕ ಮೇಲೆಯೇ ಮಾತಿಗೆ ಶುರುಮಾಡಿದಳು. "ಹೋದ ವಾರ ತೆಗೆದ ರಕ್ತದಲ್ಲಿ ಸೀಸ ಸಿಕ್ಕಿದೆ. ಹನ್ನೆರಡು ಬಂದಿದೆ. ನಿಮ್ಮದು ಹಳೇ ಮನೆ ಅಲ್ವಾ? ಬಾಗಿಲು ಕಿಟಕಿಗೆ ಹಾಕಿರೋ ಹಳೇ ಬಣ್ಣ ಇರುತ್ತಲ್ಲ, ಅದರಿಂದ ಬಂದಿರುತ್ತೆ. ಸೀಸ ಸಿಹಿಯಾಗಿರುತ್ತೆ, ಮಕ್ಕಳು ನೆಕ್ತಾರೆ. ತಿನ್ನಲೇಬೇಕು ಅಂತಿಲ್ಲ, ಅದರ ಧೂಳು ಸಾಕು. ನಮ್ಮೋರು ಬಂದು ನೋಡ್ತಾರೆ. ಅಲ್ಲೀತನಕ ಆ ಕೋಣೇಲಿ ಮಗೂನ ಬಿಡಬೇಡಿ. ಯಾರೂ ಕೆರೆಯಕ್ಕೆ, ಉಜ್ಜಕ್ಕೆ ಹೋಗಬೇಡಿ."

ಮಗಳ ಮುಖ ಬಿಳಿಚಿಕೊಂಡಿತು. ಮೇಸ್ತ್ರಿಗೆ ಅವಳನ್ನು ಸಮಾಧಾನ ಮಾಡಬೇಕೆನಿಸಿತು. ಮನೆಗೆ ದೊಡ್ಡವನು, ಬಣ್ಣದ ಜೊತೆ ಬಾಳಿದವನು, ತನಗೆ ತಿಳಿದಷ್ಟು ಈ ಹುಡುಗಿಗೆ ತಿಳಿದೀತೇ ಎಂಬ ಬಿಗುಮಾನವೂ ಸ್ವಲ್ಪ ಇತ್ತು.

"ಹನ್ನೆರಡಕ್ಕೆಲ್ಲ ಯಾಕಮ್ಮ ಹೀಗೆ ಗಾಬರಿ ಹುಟ್ಟಿಸ್ತೀರಿ? ನನ್ನ ಮಗನಿಗೆ ಚಿಕ್ಕೋನಿದ್ದಾಗ ಮೂವತ್ತೊಂದಿತ್ತು. ಹೀಗೇ ರಕ್ತ ತೆಗೆದು ನೋಡಿ, ಏನೂ ತೊಂದರೆ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ಅವನಿಗೇನೂ ಆಗ್ಲಿಲ್ಲ."

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ತಿರುಗಿ ಬಂತು. ಏನೂ ಆಗಲಿಲ್ಲ. ಮಗಳು ಕೂಸಿನ ಕಾಲುಚೀಲವನ್ನು ಸರಿಮಾಡುತ್ತ ತಲೆ ತಗ್ಗಿಸಿದಳು.

ಡಾಕ್ಟರಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. "ಆಗ ನಲವತ್ತರ ಕೆಳಗಿದ್ರೆ ಪರವಾಗಿಲ್ಲ ಅಂತಿದ್ರು ಅಜ್ಜಾ. ಆಮೇಲೆ ಇಪ್ಪತ್ತೈದಕ್ಕಿಳಿಸಿದ್ರು. ಆಮೇಲೆ ಹತ್ತು. ಈಗ ಐದು ಬಂದ್ರೂ ನಾವು ಮನೆಗೆ ಹೋಗಿ ನೋಡ್ತೀವಿ. ನಿಜ ಹೇಳ್ಬೇಕಂದ್ರೆ, ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಲೆಕ್ಕಾನೇ ಇಲ್ಲ."

"ಅಂದ್ರೆ? ಮಕ್ಕಳ ರಕ್ತ ಬದಲಾಯ್ತಾ?"

"ರಕ್ತ ಅದೇ ಅಜ್ಜಾ. ಗೆರೆ ಎಲ್ಲಿ ಎಳೀಬೇಕು ಅನ್ನೋದು ಬದಲಾಯ್ತು."

"ಮೊದಲು ಅಷ್ಟು ಮೇಲೆ ಯಾಕೆ ಎಳೆದಿದ್ರು?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೆಳಗೆ ಎಳೆದ್ರೆ ಎಷ್ಟು ಮಕ್ಕಳಿಗೆ ವಿಷ ಹತ್ತಿದೆ ಅಂತ ಒಪ್ಕೋಬೇಕಾಗ್ತಿತ್ತಲ್ಲ. ಬಣ್ಣ ಮಾಡೋರಿಗೂ ಬೇಡ, ಸರ್ಕಾರಕ್ಕೂ ಬೇಡ. ಕೆಲವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದೋರು ಹೇಳಲಿಲ್ಲ." ಆಮೇಲೆ, ಕೇಳಬೇಕೋ ಬೇಡವೋ ಎಂಬಂತೆ, "ನಿಮ್ಮ ಮಗ ಈಗ ಏನ್ ಮಾಡ್ತಾರೆ?" ಎಂದಳು.

"ನೀರು ಹಾಕ್ತಾನೆ."

"ನೆನಪು ಸ್ವಲ್ಪ ಕಮ್ಮೀನಾ?"

ಮೇಸ್ತ್ರಿ ಕೂಸಿನ ಕಡೆ ತಿರುಗಿದ. ಅವಳೇ ಹೇಳಿದಳು: "ಅಂಥೋರನ್ನ ತುಂಬ ಜನರನ್ನ ನೋಡಿದೀನಿ. ಹೇಳಿದ್ದು ನಿಲ್ಲಲ್ಲ, ಒಂದು ಕೆಲಸದ ಮೇಲೆ ಗಮನ ಇರಲ್ಲ. ಮನೇಲಿ ಸೋಮಾರಿ ಅಂತ ಬೈತಾರೆ. ಸೋಮಾರಿ ಅಲ್ಲ ಅಜ್ಜಾ ಅವರು."

ಹೊರಗೆ ಬಂದಾಗ ಬಿಸಿಲು ಏರಿತ್ತು. "ನೀವು ಮನೆಗೆ ಹೋಗಿ ಅಪ್ಪಾ, ನಾನು ಅತ್ತೆ ಮನೇಲಿ ಕೂಸನ್ನ ಬಿಟ್ಟು ಬರ್ತೀನಿ" ಎಂದಳು ಮಗಳು. ಎರಡು ಹೆಜ್ಜೆ ಹೋದವಳು ತಿರುಗಿ, "ಅಪ್ಪಾ, ನಮ್ಮನೆ ಕಿಟಕಿ ಉಜ್ಜಕ್ಕೆ ಹೋಗಬೇಡಿ. ನಿಮ್ಮ ಕೈ ಸುಮ್ಮನಿರಲ್ಲ, ಅದಕ್ಕೆ ಹೇಳ್ತಿದೀನಿ" ಎಂದಳು. ಅವಳು ತಿಳಿದು ಹೇಳಿದಳೋ ತಿಳಿಯದೆಯೋ. ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ಈಗ ಬಣ್ಣವಿಲ್ಲ, ಆದರೂ ಯಾವತ್ತೂ ಇದ್ದಂತೆಯೇ ಕಾಣುತ್ತಿತ್ತು. ಮಗನನ್ನು ಹುಡುಕಿ ಒಂದು ಮಾತು ಹೇಳಬೇಕು. ದೊಡ್ಡ ಮಾತೇನಲ್ಲ; ನೀನು ಸೋಮಾರಿಯಲ್ಲ, ಅಷ್ಟೆ. ಅವನು ಮನೆಯ ದಾರಿ ಬಿಟ್ಟು ನೀರಿನಂಗಡಿಯ ದಾರಿ ಹಿಡಿದ.

ಗೆರೆಯ ವಿಷಯ ಬಣ್ಣದ ಮೇಸ್ತ್ರಿಗೇ ಹೇಳಬೇಕೇ? ಗೋಡೆಯ ಮೇಲೆ ಎರಡು ಬಣ್ಣ ಕೂಡುವ ಕಡೆ ಸುಣ್ಣದ ಪುಡಿ ಹಚ್ಚಿದ ದಾರ ಹಿಡಿದು, ಎಳೆದು ಬಿಟ್ಟರೆ ಟಪ್ಪೆಂದು ಗೆರೆ ಬೀಳುತ್ತಿತ್ತು. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಮಗನ ಕೈಯಲ್ಲಿ. ಅವನಿಗೆ ಕಸುಬು ಕಲಿಸಬೇಕೆಂದು ಶಾಲೆ ಬಿಡಿಸಿ ಕರೆತಂದಿದ್ದ. ಶಾಲೆಯವರೂ ಬಿಟ್ಟರೆ ಸಾಕು ಎಂದಿದ್ದರು. ಹುಡುಗ ತುದಿ ಹಿಡಿದು ನಿಲ್ಲುತ್ತಿದ್ದ, ಹೊರಗೆ ಒಂದು ಹಕ್ಕಿ ಹಾರಿದರೆ ಸಾಕು, ಕೈ ಇಳಿದುಬಿಡುತ್ತಿತ್ತು. ದೊಡ್ಡ ಮನೆಯೊಂದರ ಹಜಾರದಲ್ಲಿ ಗೆರೆ ಹೀಗೇ ಸೊಟ್ಟಗೆ ಬಿತ್ತು. ಮನೆಯ ಯಜಮಾನ ಸೋಫಾದಲ್ಲಿ ಕೂತು, "ಏನ್ ಮೇಸ್ತ್ರಿ, ನಿಮ್ಮ ಪುಟ್ಟಜ್ಜಂಗೆ ಕಣ್ಣು ಕಾಣಲ್ವಾ?" ಎಂದು ನಕ್ಕ. ಮೇಸ್ತ್ರಿ ಬ್ರಷ್ಷಿನ ಹಿಡಿಯಿಂದ ಮಗನ ಬೆರಳ ಗೆಣ್ಣಿಗೆ ಹೊಡೆದಿದ್ದ. ಹುಡುಗ ಅಳಲಿಲ್ಲ. ದಾರವನ್ನು ಮತ್ತೆ ಎತ್ತಿ ಹಿಡಿದ, ಗೆರೆ ಮತ್ತೆ ಸೊಟ್ಟಗಾಯಿತು. ನಲವತ್ತರಲ್ಲಿ ಗೆರೆ ಎಳೆದವರ ಕೈಯನ್ನು ಯಾರು ಹಿಡಿದಿದ್ದರು? ಅವರ ಬೆರಳಿಗೆ ಯಾರು ಹೊಡೆದರು?

ಮೂವತ್ತೊಂದು ಎಂದು ಹೇಳಿ ಕಳಿಸಿದ ಆ ವರ್ಷವೇ ಕೇರಿಯ ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ಕೇರಿಯ ಮಕ್ಕಳಿಗೆ ಹೊಟ್ಟೆನೋವು, ಕೆಲವರಿಗೆ ಫಿಟ್ಸು. ಒಂದು ಮಗು ತೀರಿಯೂ ಹೋಗಿತ್ತು. ವೇದಿಕೆಯ ಮೇಲೆ ಆರೋಗ್ಯ ಇಲಾಖೆಯ ದೊಡ್ಡವರು, ಅವರ ಪಕ್ಕದಲ್ಲಿ ಬಣ್ಣದ ಕಂಪನಿಯಿಂದ ಬಂದವನು. ಅವನ ಅಂಗಿ ಎಷ್ಟು ಬಿಳಿಯಾಗಿತ್ತೆಂದರೆ, ಒಂದು ಹನಿಯೂ ಅದರ ಮೇಲೆ ಬೀಳದಂತೆ ಬದುಕುವುದು ಹೇಗೆ ಎಂದು ಮೇಸ್ತ್ರಿ ಆಶ್ಚರ್ಯಪಟ್ಟಿದ್ದ. ಬಣ್ಣ ಗೋಡೆಯ ಮೇಲಿದ್ದರೆ ಬಣ್ಣ, ಬಾಯಿಗೆ ಹೋದರೆ ವಿಷ. ಉಪ್ಪು ಹೆಚ್ಚಾದರೂ ವಿಷವೇ ಅಲ್ಲವೇ, ತಾಯಂದಿರು ಮಕ್ಕಳ ಮೇಲೆ ಕಣ್ಣಿಡಬೇಕು ಎಂದ ಅವನು. ಮಕ್ಕಳಿಗೆಲ್ಲ ಒಂದೊಂದು ಸೋಪು ಹಂಚಿದರು. ಬಣ್ಣ ಬಳಿಯುವವರಿಗೆ ಕಂಪನಿಯ ಹೆಸರಿದ್ದ ಟೋಪಿ ಕೊಟ್ಟರು. ಮೇಸ್ತ್ರಿ ಅಲ್ಲೇ ಹಾಕಿಕೊಂಡ. ಆಗ ಅವನ ಹೆಂಡತಿ ಎದ್ದು ನಿಂತಳು. ಅವಳು ಎಲ್ಲೂ ಎದ್ದು ನಿಂತವಳಲ್ಲ. ಸೋಪನ್ನು ಕೈಯಲ್ಲಿ ಹಿಡಿದುಕೊಂಡೇ, "ಅಲ್ಲ ಸ್ವಾಮಿ, ಬಣ್ಣದಲ್ಲೇ ಆ ಸೀಸ ಇಲ್ಲದ ಹಾಗೆ ಮಾಡಕ್ಕಾಗಲ್ವಾ?" ಎಂದು ಕೇಳಿದಳು.

ಬಿಳಿ ಅಂಗಿಯವನು ನಕ್ಕ. "ಅಮ್ಮಾ, ಹಾಗೆ ಮಾಡಿದ್ರೆ ನಿಮ್ಮ ಯಜಮಾನರೇ ಆ ಡಬ್ಬೀನ ಎಸೀತಾರೆ. ಕೇಳಿ ನೋಡಿ." ಸಭೆಯೆಲ್ಲ ನಕ್ಕಿತು. ನಿಜವೇ ಆಗಿತ್ತು, ಸೀಸ ಸೇರಿದ ಬಣ್ಣಕ್ಕೇ ತೂಕ. ಡಬ್ಬಿ ಎತ್ತಿದರೆ ಕೈ ಜಗ್ಗಬೇಕು, ಆಗಲೇ ಬಣ್ಣ ಬಣ್ಣ. ಹಗುರ ಡಬ್ಬಿ ಹಗುರ ಮನುಷ್ಯನಿದ್ದಂತೆ ಎಂದು ಹೇಳಿಕೊಂಡು ತಿರುಗಿದವನು ಅವನೇ. ಎಲ್ಲರ ಜೊತೆ ಮೇಸ್ತ್ರಿಯೂ ನಕ್ಕ. ನಗುತ್ತಲೇ ಅವಳ ಮೊಣಕೈ ಹಿಡಿದು ಕೆಳಗೆ ಎಳೆದು ಕೂರಿಸಿದ. ಅವಳು ಕೂತಳು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಆದರೆ ಅವತ್ತಿನಿಂದ ಹುಡುಗನ ಕೈ ತೊಳೆಯುವುದೇ ಅವಳ ವ್ರತವಾಯಿತು. ತಿನ್ನುವ ಮೊದಲು, ತಿಂದ ಮೇಲೆ, ಮಲಗುವ ಮೊದಲು. ಚರ್ಮ ಒಡೆದು ಹುಡುಗ ಕೈ ಎಳೆದುಕೊಂಡರೂ ಬಿಡುತ್ತಿರಲಿಲ್ಲ. ಅವನು ಮಗ್ಗಿ ಮರೆತಾಗಲೆಲ್ಲ, ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದಾಗಲೆಲ್ಲ ಮೇಸ್ತ್ರಿ ಅವಳ ಕಡೆ ನೋಡುತ್ತಿದ್ದ. "ನೀನು ಮುದ್ದು ಮಾಡಿ ಕೆಡಿಸಿದೆ." ಅವಳು, "ಅಲ್ಲ ರೀ, ಅವನಿಗೆ ಬೇಕು ಅಂತ ಮರೆಯಲ್ಲ. ಏನೋ ಆಗಿದೆ ಅವನಿಗೆ" ಎನ್ನುತ್ತಿದ್ದಳು. ಕೊನೆಯ ಕಾಯಿಲೆಯಲ್ಲಿ, ಮಾತು ತೊದಲುತ್ತಿದ್ದಾಗಲೂ, ಮಗನ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ತಿಕ್ಕುತ್ತಿದ್ದಳು. ನರ್ಸು ಅದನ್ನು ನೋಡಿ ಜ್ವರದ ನಡುಕ ಅಂದಳು. ಅವಳು ತೊಳೆಯುತ್ತಿದ್ದಳೆಂದು ಮೇಸ್ತ್ರಿಗೆ ಆಗಲೇ ತಿಳಿದಿತ್ತು. ತಿಳಿದೂ ನರ್ಸಿನ ಮಾತಿಗೆ ತಲೆಯಾಡಿಸಿದ್ದ.

ಕೆಡಿಸಿದ್ದು ತಾಯಿಯ ಕೈಯೇ? ಮೇಸ್ತ್ರಿ ರಸ್ತೆಯ ಬದಿಯ ಕಟ್ಟೆ ಹಿಡಿದು ನಿಂತ. ಗಂಡುಮಗು ಹುಟ್ಟಿದೆ, ಮಗು ಮಲಗುವ ಕೋಣೆ ಹೊಸದರಂತೆ ಇರಬೇಕು ಎಂದು ಅವನೇ ಹಟ ಹಿಡಿದಿದ್ದ. ಬಾಡಿಗೆ ಮನೆ, ಅಜ್ಜನ ಕಾಲದ ಕಿಟಕಿ, ಅದರ ಮೇಲೆ ಒಂದರ ಮೇಲೊಂದು ಯಾರ್‍ಯಾರೋ ಬಳಿದ ಪದರಗಳು. ಬೇರೆಯವನಾಗಿದ್ದರೆ ಮೇಲೆ ಒಂದು ಕೈ ಎಳೆದು ಬಿಡುತ್ತಿದ್ದ. ಇಲ್ಲವೇ ನೀರು ಹಚ್ಚಿ ತಿಕ್ಕುತ್ತಿದ್ದ. ನೀರು ಹಚ್ಚಿದರೆ ಮರದ ಎಳೆ ಏಳುತ್ತದೆ, ಅದು ಸೋಮಾರಿಯ ಕೆಲಸ ಎಂಬುದು ಮೇಸ್ತ್ರಿಯ ಕಟ್ಟಳೆ. ಒಣ ಮರವನ್ನು ಒಣಗಿಯೇ ಉಜ್ಜಬೇಕು, ಅಂಗೈ ಸವರಿದರೆ ಮಗುವಿನ ಕೆನ್ನೆಯಂತಿರಬೇಕು. ದಿನವೂ ಕೆಲಸ ಮುಗಿಸಿ ಬಂದು, ಊಟಕ್ಕೆ ಮೊದಲು, ಉಪ್ಪುಕಾಗದ ಹಿಡಿದು ಉಜ್ಜಿದ. ಕೋಣೆಯ ತುಂಬ ಬಿಳಿ ಧೂಳು. ಮಗು ನೆಲದ ಮೇಲೆ ಹರಿದಾಡುತ್ತಿತ್ತು, ಅಪ್ಪನ ಕಾಲು ಹಿಡಿದು ಏಳುತ್ತಿತ್ತು, ಧೂಳಿನಲ್ಲಿ ಅಂಗೈ ಒತ್ತಿ ಬಾಯಿಗಿಡುತ್ತಿತ್ತು. ಒಂದು ಸಂಜೆ ಹೆಂಡತಿ ಬಾಗಿಲಲ್ಲಿ ನಿಂತು ಕೈ ತಟ್ಟಿ ನಕ್ಕಳು. "ಬನ್ನಿ ಇಲ್ಲಿ, ನೋಡಿ! ನಿಮ್ಮ ಮಗನ ತಲೆ ನರೆತು ಹೋಗಿದೆ. ಅಜ್ಜ ಆಗ್ಬಿಟ್ಟ, ಪುಟ್ಟಜ್ಜ!" ಮಗುವಿನ ಕೂದಲ ಮೇಲೆ, ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬಿಳಿ. ಮೇಸ್ತ್ರಿ ಅದನ್ನು ಎತ್ತಿಕೊಂಡು, ಆ ತಲೆಗೆ ಮುತ್ತಿಟ್ಟ. ತುಟಿಯ ಮೇಲೆ ಧೂಳು ಸಿಹಿಯಾಗಿತ್ತು. ಆಮೇಲೆ ಮಗು ಮಾತು ಕಲಿತು, ಹೊಸ ಹಲ್ಲುಗಳಿಂದ ಕಿಟಕಿಯ ಅಂಚನ್ನು ಕಚ್ಚಿ, "ಅಪ್ಪಾ, ಕಿಟಕಿ ಸೀ" ಎಂದಾಗ ಅವರಿಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಬಂದವರಿಗೆಲ್ಲ ಹೇಳಿದ್ದರು. ಮಗಳು ಹುಟ್ಟುವ ಹೊತ್ತಿಗೆ ಆ ಮನೆ ಬಿಟ್ಟಾಗಿತ್ತು. ಅವಳಿಗೆ ಆ ಸಿಹಿ ಸಿಗಲಿಲ್ಲ.

ದೇವರೇ, ನನ್ನ ಮಗನಿಗೆ ಬುದ್ಧಿ ಕೊಡು. ಎಷ್ಟು ವರ್ಷ ಕೇಳಿದ. ಕೇಳಿ ಕೇಳಿ, ಕೊಡದ ದೇವರ ಮೇಲೆ ಒಳಗೊಳಗೇ ಮುನಿದುಕೊಂಡೂ ಇದ್ದ. ಕೊಟ್ಟಿದ್ದನಲ್ಲ. ತುಂಬ ಕೊಟ್ಟು ಕಳಿಸಿದ್ದ. ಇವನು ಅದನ್ನು ಸಂಜೆ ಸಂಜೆ, ಒಣಗಿದ್ದನ್ನು ಒಣಗಿಯೇ, ನುಣುಪಾಗುವವರೆಗೆ ಉಜ್ಜಿ ತೆಗೆದ.

ನೀರಿನಂಗಡಿಯವನು ಕ್ಯಾನುಗಳ ನಡುವೆ ಕೂತು ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. "ಇನ್ನೂ ಬೈಯಕ್ಕೆ ಬಾಕಿ ಇತ್ತಾ ಮೇಸ್ತ್ರಿ? ಬೆಳಿಗ್ಗೆ ಬೈದಿದ್ದೇ ಅವನಿಗೆ ಮಧ್ಯಾಹ್ನದ ಊಟಕ್ಕೂ ಸಾಕಾಗಿದೆ. ಆ ಮೂಲೆ ಬಿಲ್ಡಿಂಗಲ್ಲಿದಾನೆ ಹೋಗಿ." ಮೇಸ್ತ್ರಿ ಆ ಬಿಲ್ಡಿಂಗಿನ ಮೆಟ್ಟಿಲು ಹತ್ತಿದ. ಎರಡನೇ ಮಹಡಿಯ ತಿರುವಿನಲ್ಲಿ ಮಗ ಒಂದು ಕ್ಯಾನಿಗೆ ಕೈಯೂರಿ ಕೂತಿದ್ದ. ಬರಿಗಾಲು ಧೂಳಾಗಿತ್ತು. ತುಟಿ ಅಲುಗುತ್ತಿತ್ತು, ಮೂರನೇದು, ಹಸಿರು ಬಾಗಿಲು, ಮೂರನೇದು, ಹಸಿರು ಬಾಗಿಲು ಎಂದು ಮಂತ್ರದಂತೆ ಹೇಳಿಕೊಳ್ಳುತ್ತಿದ್ದ. ಅಪ್ಪನನ್ನು ಕಂಡವನೇ ಧಡಕ್ಕನೆ ಎದ್ದ.

"ಕೂತಿರಲಿಲ್ಲ ಅಪ್ಪಾ. ಈಗ ಕೂತೆ ಅಷ್ಟೆ. ಇದು ಸರಿಯಾದ ಬಿಲ್ಡಿಂಗೇ. ನೋಡ್ಕೊಂಡೇ ಬಂದಿದೀನಿ."

"ಕೂತ್ಕೋ" ಎಂದ ಮೇಸ್ತ್ರಿ. ಮಗ ಕೂರಲಿಲ್ಲ, ನಂಬಲಿಲ್ಲ. ಮೇಸ್ತ್ರಿ ತಾನೇ ಮೆಟ್ಟಿಲ ಮೇಲೆ ಕೂತ. ಮಂಡಿ ಲಟ್ಟೆಂದಿತು. ಕೆಳಗಿನಿಂದ ನೋಡಿದರೆ ಮಗನ ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು? ಬೆಳಿಗ್ಗೆ ತಲೆ ನರೆತರೂ ಎಂದು ಬೈದವನಿಗೆ ಬೆಳಿಗ್ಗೆ ಅದು ಕಂಡಿರಲಿಲ್ಲ.

"ಡಾಕ್ಟರಮ್ಮ ಒಂದು ಮಾತು ಹೇಳಿದ್ರು ಕಣೋ. ನೀನು ಚಿಕ್ಕೋನಿದ್ದಾಗ ಹಳೇ ಬಣ್ಣದ ಧೂಳು ನಿನ್ನ ಹೊಟ್ಟೆಗೆ ಹೋಗಿದೆಯಂತೆ. ಅದಕ್ಕೇ ನಿನಗೆ ಮರೆಯೋದು. ನಿನ್ನ ತಪ್ಪಲ್ಲ. ನೀನು... ನೀನು ಸೋಮಾರಿ ಅಲ್ಲ."

ಮಗ ಆ ಮಾತನ್ನು ಸ್ವಲ್ಪ ಹೊತ್ತು ನೋಡಿದ, ಯಾರೋ ಕೈಗೆ ಕೊಟ್ಟ ಸಾಮಾನನ್ನು ತಿರುಗಿಸಿ ನೋಡುವವನಂತೆ. "ಸೋಮಾರಿ ಅಲ್ವಾ?"

"ಅಲ್ಲ ಮಗಾ."

"ಮೈಗಳ್ಳ?"

"ಅದೂ ಅಲ್ಲ."

"ಡಾಕ್ಟರೇ ಹೇಳಿದ್ರಾ? ಬರೀ ನೀವು ಹೇಳ್ತಿರೋದಾ?"

"ಡಾಕ್ಟರೂ ಹೇಳಿದ್ರು. ನಾನೂ ಹೇಳ್ತಿದೀನಿ."

ಮಗನ ಮುಖ ಅರಳಿತು. "ಅಮ್ಮ ಹೇಳ್ತಿದ್ಲು ಅಪ್ಪಾ! ಅವಳಿಗೆ ಗೊತ್ತಿತ್ತು ನೋಡಿ!" ಎಂದು ನಕ್ಕ. ಧೂಳು ಎಲ್ಲಿಯದು, ಯಾರ ಕೈಯಿಂದ ಬಂತು ಎಂದು ಅವನು ಕೇಳಲಿಲ್ಲ. ಕೇಳಲೆಂದು ಮೇಸ್ತ್ರಿ ಕಾದ. ಕೇಳಿದರೆ ಹೇಳುತ್ತಿದ್ದ. ಕೇಳದಿದ್ದಕ್ಕೆ ಎದೆ ಹಗುರವಾಯಿತು, ಹಗುರವಾದುದಕ್ಕೆ ನಾಚಿಕೆಯಾಯಿತು. ಮಗ ಕ್ಯಾನನ್ನು ಹೆಗಲಿಗೇರಿಸಿ, "ನೀವಿಲ್ಲೇ ಕೂತಿರಿ, ಹಾಕಿ ಬರ್ತೀನಿ, ಒಟ್ಟಿಗೆ ಹೋಗೋಣ" ಎಂದು ಹತ್ತತೊಡಗಿದ. ಹತ್ತುತ್ತ ಹತ್ತುತ್ತ ಮೂರನೆಯದನ್ನು ದಾಟಿ ನಾಲ್ಕನೆಯದಕ್ಕೆ ಹೋದ ಸದ್ದು ಕೇಳಿಸಿತು. ಮೇಸ್ತ್ರಿ ಕೂಗಿ ಕರೆಯಲಿಲ್ಲ. ಗೋಡೆ ಹಿಡಿದು ಎದ್ದು, ಅವನ ಹಿಂದೆ ತಾನೂ ಹತ್ತಿದ.

ಮರುದಿನ ಬೆಳಿಗ್ಗೆ ಮೇಸ್ತ್ರಿ ದೀಪ ಹಚ್ಚಿ ನಿಂತ. ಕೊನೆಯ ಮಾತಿಗೆ ಬಂದಾಗ ಏನು ಕೇಳಬೇಕೆಂದು ತೋಚಲಿಲ್ಲ. ಹಾಗೇ ಕೈಮುಗಿದು ನಿಂತಿದ್ದಾಗ ಹಿಂದೆ ಮಗ ಬಂದು ನಿಂತದ್ದು ತಿಳಿಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಅವನು ಎಂದೂ ಮಾತಾಡಿಸಿದವನಲ್ಲ.

"ಅಪ್ಪಾ."

"ಏನೋ?"

"ನಿನ್ನೆ ನೀವು ಮೆಟ್ಟಿಲ ಮೇಲೆ ಕೂತ್ಕೊಂಡು ನನಗೆ ಒಂದು ಒಳ್ಳೇ ಮಾತು ಹೇಳಿದ್ರಿ." ಅವನು ಹಣೆ ಉಜ್ಜಿಕೊಂಡ. "ತುಂಬ ಒಳ್ಳೇದು. ಮಲಗೋವರೆಗೂ ಇತ್ತು. ಈಗ ಹೋಗ್ಬಿಟ್ಟಿದೆ. ಬೈಬೇಡಿ ಅಪ್ಪಾ. ಏನದು?"

ಮೇಸ್ತ್ರಿ ದೀಪಕ್ಕೆ ಬೆನ್ನು ಮಾಡಿ ಅವನ ಕಡೆ ತಿರುಗಿದ. ಅಂಗಿಯ ಗುಂಡಿಗಳನ್ನು ಬಿಚ್ಚಿ, ಕೆಳಗಿನಿಂದ ಒಂದೊಂದಾಗಿ ಸರಿಯಾಗಿ ಹಾಕಿದ. ಮೇಲಿನ ಗುಂಡಿ ಹಾಕಿದ ಮೇಲೆ ಹೇಳಿದ.

"ನೀನು ಸೋಮಾರಿ ಅಲ್ಲ ಅಂದೆ."

"ಹೌದು, ಅದೇ!" ಮಗ ನಕ್ಕ. "ಇವತ್ತು ಮರೆಯಲ್ಲ ನೋಡಿ." ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಹೋದವನು ಅಲ್ಲೇ ನಿಂತ, ತಿರುಗಿ ನೋಡಿದ. "ಮರೆತ್ರೆ ನಾಳೆ ಕೇಳ್ಲಾ?"

"ಕೇಳು" ಎಂದ ಮೇಸ್ತ್ರಿ.